ಆ ಥ್ರೆಡ್ ಯಾರದು?

ಓದುಗರ ಪ್ರಶ್ನೆ, ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟದವು. ಸಿ ಅಥವಾ ಸಿ ಪ್ಲಸ್ ಪ್ಲಸ್ ಕೋಡ್ ಹುಟ್ಟಿಸಿದ ಥ್ರೆಡ್ (ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ) ಒಂದು ಪೈಥಾನ್ ಫಂಕ್ಷನ್ನನ್ನು ಕರೆಯುತ್ತದೆ, ಪ್ರೋಗ್ರಾಂ ಬಿದ್ದುಹೋಗುತ್ತದೆ. ಪತ್ರಗಳಲ್ಲೆಲ್ಲ ಬರುವ ‘ಗಿಲ್’ ಎಂದರೆ ಇಂಟರ್‌ಪ್ರಿಟರ್‌ನ, ಅಂದರೆ ಪೈಥಾನ್ ಕೋಡ್ ಓಡಿಸುವ ಪ್ರೋಗ್ರಾಮಿನ ಬೀಗ: ಅದು ಕೈಯಲ್ಲಿರುವ ಥ್ರೆಡ್ ಮಾತ್ರ ಪೈಥಾನ್ ವಸ್ತುಗಳನ್ನು ಮುಟ್ಟಬೇಕು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ಕ್ಯಾಮೆರಾದಿಂದ ಚಿತ್ರ ಓದುವ ಸಿ ಪ್ಲಸ್ ಪ್ಲಸ್ ಲೈಬ್ರರಿ ನಮ್ಮದು. ಫ್ರೇಮ್ ಬಂದಾಗಲೆಲ್ಲ ಅದರ ಥ್ರೆಡ್ ನಮ್ಮ ಪೈಥಾನ್ ಕಾಲ್‌ಬ್ಯಾಕನ್ನು (ಆಗ ಕರೆಯಲೆಂದು ಮೊದಲೇ ಕೊಟ್ಟಿಟ್ಟ ಫಂಕ್ಷನ್) ಕರೆಯುತ್ತದೆ. ಗಂಟೆಗಟ್ಟಲೆ ಸರಿಯಾಗಿ ಓಡಿ ಇದ್ದಕ್ಕಿದ್ದಂತೆ ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಬೀಳುವುದು). ಬ್ಯಾಕ್‌ಟ್ರೇಸ್ (ಬಿದ್ದಾಗ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಪಟ್ಟಿ) ಒಂದೊಂದು ಸಲ ಒಂದೊಂದು ಜಾಗ ತೋರಿಸುತ್ತದೆ, ಹೆಚ್ಚಾಗಿ ಬೇಡದ ವಸ್ತುಗಳನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಒಳಗೆ. ಒಮ್ಮೆ ‘ಡೀಅಲೊಕೇಟಿಂಗ್ ನನ್’ ಎಂದು ಹೇಳಿ ನಿಂತಿತು. ಪ್ರಿಂಟ್ ಸಾಲು ಸೇರಿಸಿದರೆ ಕ್ರ್ಯಾಶ್ ಆಗುವುದೇ ಇಲ್ಲ. ಕಾಲ್‌ಬ್ಯಾಕ್ ಕರೆಯುವ ಮುಂಚೆ ಗಿಲ್ ಹಿಡಿದೇ ಹಿಡಿಯುತ್ತೇವೆ. ಪೈಥಾನ್ 3.10, ಅದನ್ನು ಸಿ ಪ್ಲಸ್ ಪ್ಲಸ್‌ಗೆ ಜೋಡಿಸಲು ಪೈಬೈಂಡ್11 ಲೈಬ್ರರಿ. ಕಲೆಕ್ಟರ್‌ನಲ್ಲೇ ದೋಷ ಇರಬಹುದೇ?

ಉತ್ತರ: ಕಲೆಕ್ಟರ್ ಮೇಲೆ ಅನುಮಾನ ಬೇಡ. ಅದು ತನ್ನ ಪಟ್ಟಿಯಲ್ಲಿರುವ ವಸ್ತುಗಳನ್ನೆಲ್ಲ ಒಂದೊಂದಾಗಿ ಮುಟ್ಟುತ್ತಾ ಹೋಗುತ್ತದೆ. ಬೇರೆ ಯಾರೋ ಯಾವಾಗಲೋ ಕೆಡಿಸಿಟ್ಟ ವಸ್ತು ಮೊದಲು ಅದರ ಕಾಲಿಗೇ ಸಿಗುತ್ತದೆ. ಇಂಥ ಪತ್ರ ಬಂದಾಗಲೆಲ್ಲ ನನಗೆ ಬೇಜಾರಾಗುವುದು ಇದಕ್ಕೇ: ಒಳ್ಳೆಯ ಎಂಜಿನಿಯರುಗಳು ವಾರಗಟ್ಟಲೆ ಕ್ರ್ಯಾಶ್ ಆದ ಸಾಲನ್ನೇ ದಿಟ್ಟಿಸುತ್ತಾ ಕೂತಿರುತ್ತಾರೆ. ಆ ಸಾಲು ಏನೂ ಹೇಳುವುದಿಲ್ಲ. ಕೇಳಬೇಕಾದ್ದು ಬೇರೆ. ಪೈಥಾನ್ ವಸ್ತುಗಳನ್ನು ಮುಟ್ಟಿದ ಥ್ರೆಡ್‌ಗಳು ಯಾರು ಹುಟ್ಟಿಸಿದವು, ಮುಟ್ಟಿದ ಗಳಿಗೆಯಲ್ಲಿ ಅವುಗಳ ಕೈಯಲ್ಲಿ ಗಿಲ್ ಇತ್ತೇ?

ಒಳಗೆ ಆಗುವುದು ಇಷ್ಟು. ಸಿಪೈಥಾನ್‌ನಲ್ಲಿ, ಅಂದರೆ ನಾವೆಲ್ಲ ಬಳಸುವ ಮಾಮೂಲಿ ಪೈಥಾನ್‌ನಲ್ಲಿ, ಪ್ರತಿ ವಸ್ತುವಿಗೂ ಒಂದು ರೆಫರೆನ್ಸ್ ಕೌಂಟ್ ಇರುತ್ತದೆ, ಅದನ್ನು ಎಷ್ಟು ಕಡೆ ಹಿಡಿದುಕೊಂಡಿದ್ದಾರೆ ಎಂಬ ಲೆಕ್ಕ. ಅದನ್ನು ಹೆಚ್ಚಿಸುವುದೆಂದರೆ ಓದು, ಒಂದು ಕೂಡು, ಬರೆ ಎಂಬ ಮೂರು ಹೆಜ್ಜೆ. ಕೌಂಟ್ 5 ಇದೆ ಅನ್ನಿ. ಎರಡು ಥ್ರೆಡ್‌ಗಳೂ 5 ಓದಿ, ಎರಡೂ 6 ಬರೆದವು. ಆಗಬೇಕಾದ್ದು 7, ಆದದ್ದು 6. ಮುಂದೆ ಇಬ್ಬರೂ ಮುಗಿಸಿ ಹೋದಾಗ ಒಂದು ಜಾಸ್ತಿ ಇಳಿಯುತ್ತದೆ, ಇನ್ನೂ ಬಳಕೆಯಲ್ಲಿರುವ ವಸ್ತು ಬಿಡುಗಡೆಯಾಗುತ್ತದೆ, ಅದರ ಮೆಮೊರಿ ಮತ್ತೊಂದಕ್ಕೆ ಹೋಗುತ್ತದೆ. ತಪ್ಪು ನಡೆದ ಕ್ಷಣಕ್ಕೂ ಪ್ರೋಗ್ರಾಂ ಬೀಳುವ ಕ್ಷಣಕ್ಕೂ ನಡುವೆ ಗಂಟೆಗಳೇ ಇರಬಹುದು. ನೀವು ಕಂಡ ‘ಡೀಅಲೊಕೇಟಿಂಗ್ ನನ್’ ಇದೇ ಜಾತಿಯದು. ‘ಏನೂ ಇಲ್ಲ’ ಎಂದು ಸೂಚಿಸುವ ನನ್ (None) ಎಂಬ ಒಂದೇ ಒಂದು ವಸ್ತುವನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ, ಅದರ ಕೌಂಟ್ ಸೊನ್ನೆಗೆ ಇಳಿಯುವುದೆಂದರೆ ಎಲ್ಲೋ ಲೆಕ್ಕ ಸೋರುತ್ತಿದೆ ಎಂದೇ ಅರ್ಥ. ಪೈಥಾನ್ 3.12ರಿಂದ ನನ್‌ಗೆ ಸಾವಿಲ್ಲದ ಹಾಗೆ ಮಾಡಿದ್ದಾರೆ, ಅದರ ಕೌಂಟ್ ಬದಲಾಗುವುದೇ ಇಲ್ಲ. ಹಾಗಾಗಿ ಆ ಸಂದೇಶ ಅಲ್ಲಿ ಕಾಣಿಸುವುದಿಲ್ಲ. ಸೋರಿಕೆ ಮಾತ್ರ ಇದ್ದೇ ಇರುತ್ತದೆ. ಅಪ್‌ಗ್ರೇಡ್ ಮಾಡಿ ಸಮಸ್ಯೆ ಹೋಯಿತು ಅಂದುಕೊಳ್ಳಬೇಡಿ. ಪ್ರಿಂಟ್ ಹಾಕಿದಾಗ ಕ್ರ್ಯಾಶ್ ನಿಲ್ಲುವುದೂ ಹಾಗೆಯೇ. ಪ್ರಿಂಟ್ ಬರೆಯುವಾಗ ಗಿಲ್ ಬಿಟ್ಟು ಮತ್ತೆ ಹಿಡಿಯುತ್ತದೆ, ಥ್ರೆಡ್‌ಗಳ ಸಮಯ ಪಲ್ಲಟವಾಗಿ ಆ ಎರಡು ಓದುಗಳು ಒಟ್ಟಿಗೆ ಬೀಳುವುದಿಲ್ಲ.

ಈಗ ‘ಗಿಲ್ ಹಿಡಿದೇ ಹಿಡಿಯುತ್ತೇವೆ’ ಎಂಬ ನಿಮ್ಮ ಮಾತಿಗೆ ಬರೋಣ. ಹಿಡಿಯುತ್ತೀರಿ, ನಂಬುತ್ತೇನೆ. ಎಲ್ಲಿಂದ ಎಲ್ಲಿಯವರೆಗೆ ಎನ್ನುವುದೇ ಪ್ರಶ್ನೆ. ನಿಮ್ಮ ಕಾಲ್‌ಬ್ಯಾಕನ್ನು ಲೈಬ್ರರಿ ಒಂದು ‘ಎಸ್‌ಟಿಡಿ ಫಂಕ್ಷನ್’ನಲ್ಲಿ (ಫಂಕ್ಷನ್ ಇಟ್ಟುಕೊಳ್ಳುವ ಸಿ ಪ್ಲಸ್ ಪ್ಲಸ್ ಡಬ್ಬಿ) ಇಟ್ಟುಕೊಂಡಿರುತ್ತದೆ, ಅದರ ಹೊಟ್ಟೆಯಲ್ಲಿ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಸಣ್ಣ ಫಂಕ್ಷನ್), ಲ್ಯಾಂಬ್ಡಾದೊಳಗೆ ಪೈಥಾನ್ ವಸ್ತು. ಕ್ಯಾಮೆರಾ ಥ್ರೆಡ್ ಅದನ್ನು ಒಂದು ಕ್ಯೂನಿಂದ ಇನ್ನೊಂದಕ್ಕೆ ನಕಲು ಮಾಡಿದರೆ ಆ ನಕಲೇ ರೆಫರೆನ್ಸ್ ಕೌಂಟನ್ನು ಹೆಚ್ಚಿಸುತ್ತದೆ, ಗಿಲ್ ಇಲ್ಲದೆ. ಕೆಲಸ ಮುಗಿದು ನಕಲು ನಾಶವಾದಾಗ ಕೌಂಟ್ ಇಳಿಯುತ್ತದೆ, ಅದೂ ಗಿಲ್ ಇಲ್ಲದೆ. ಫಂಕ್ಷನ್ ಕರೆಯುವ ಒಂದು ಸಾಲಿಗೆ ಮಾತ್ರ ಕಾವಲಿದೆ, ಅದರ ಆಚೆ ಈಚೆ ಬಯಲು.

ಇದಕ್ಕಿಂತ ಸಣ್ಣ, ಇದಕ್ಕಿಂತ ಕೆಟ್ಟ ರೂಪವೊಂದಿದೆ. ಒಂದು ಫಂಕ್ಷನ್ನಿನ ಮೊದಲ ಸಾಲಿನಲ್ಲಿ ಪೈಥಾನ್ ವಸ್ತುವನ್ನು ಹಿಡಿಯುವ ಖಾಲಿ ‘ಪೈ ಆಬ್ಜೆಕ್ಟ್’ ವೇರಿಯಬಲ್ ಘೋಷಿಸಿರುತ್ತಾರೆ. ಎರಡನೆಯ ಸಾಲಿನಲ್ಲಿ ಪೈಬೈಂಡ್11ರ ‘ಗಿಲ್_ಸ್ಕೋಪ್ಡ್_ಅಕ್ವೈರ್’, ತಾನಿರುವಷ್ಟು ಹೊತ್ತು ಗಿಲ್ ಹಿಡಿದಿರುವ ವೇರಿಯಬಲ್. ಮೂರನೆಯದರಲ್ಲಿ ಪೈಥಾನ್ ಕರೆದು ಬಂದ ಫಲಿತಾಂಶವನ್ನು ಮೊದಲ ವೇರಿಯಬಲ್‌ಗೆ ತುಂಬುತ್ತಾರೆ. ಓದುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಸಿ ಪ್ಲಸ್ ಪ್ಲಸ್ ಲೋಕಲ್ ವೇರಿಯಬಲ್‌ಗಳನ್ನು ಘೋಷಣೆಯ ಹಿಮ್ಮುಖ ಕ್ರಮದಲ್ಲಿ ನಾಶಮಾಡುತ್ತದೆ. ಮುಚ್ಚು ಬ್ರಾಕೆಟ್ ತಲುಪಿದಾಗ ಮೊದಲು ಗಿಲ್ ಕೈಬಿಡುತ್ತದೆ, ಆಮೇಲೆ ಪೈಥಾನ್ ವಸ್ತುವಿನ ಡಿಸ್ಟ್ರಕ್ಟರ್ (ನಾಶವಾಗುವಾಗ ಓಡುವ ಕೋಡ್) ಓಡುತ್ತದೆ. ಆ ಎರಡು ಸಾಲು ಅದಲು ಬದಲು ಮಾಡಿದರೆ ಮುಗಿಯಿತು. ಕೋಡ್ ರಿವ್ಯೂ ಮಾಡುವಾಗ ನಾನು ಮೊದಲು ಹುಡುಕುವುದು ಇದನ್ನೇ. ಬ್ಯಾಕ್‌ಟ್ರೇಸ್‌ನಲ್ಲಿ ಮುಚ್ಚು ಬ್ರಾಕೆಟ್ಟಿನ ಸಾಲಿನ ನಂಬರ್ ಕಂಡರೆ ಅನುಮಾನವೇ ಬೇಡ, ಡಿಸ್ಟ್ರಕ್ಟರ್ ನೋಡಿ.

ಹುಡುಕುವುದು ಹೇಗೆ? ಮೊದಲು ‘ಪೈಥಾನ್‌ಮ್ಯಾಲಕ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ‘ಡಿಬಗ್’ ಎಂದು ಕೊಟ್ಟು ಓಡಿಸಿ. 3.6ರಿಂದ ಇದು ಮಾಮೂಲಿ ರಿಲೀಸ್ ಬಿಲ್ಡ್‌ನಲ್ಲೂ ಕೆಲಸ ಮಾಡುತ್ತದೆ. ಪೈಥಾನ್‌ನ ಮೆಮೊರಿಯನ್ನು ಯಾರಾದರೂ ಗಿಲ್ ಇಲ್ಲದೆ ಕೇಳಿದರೆ, ಬಿಟ್ಟರೆ, ಇಂಟರ್‌ಪ್ರಿಟರ್ ಆ ಕ್ಷಣವೇ ‘ಗಿಲ್ ಹಿಡಿಯದೆ ಅಲೊಕೇಟರ್ ಕರೆದಿದ್ದೀರಿ’ ಎಂದು ಹೇಳಿ ನಿಲ್ಲುತ್ತದೆ. ಗಂಟೆಗಳ ಕಾಯುವಿಕೆ ಎಷ್ಟೋ ಸಲ ಮೊದಲ ಕೆಲವು ಫ್ರೇಮ್‌ಗಳಿಗೆ ಇಳಿಯುತ್ತದೆ, ಬ್ಯಾಕ್‌ಟ್ರೇಸ್ ಕೂಡ ಈಗ ತಪ್ಪಿತಸ್ಥ ಥ್ರೆಡ್ಡಿನದೇ ಇರುತ್ತದೆ. ಆದರೆ ಬರೀ ಕೌಂಟ್ ಏರಿಸಿ ಇಳಿಸಿದ್ದು ಮೆಮೊರಿಯವರೆಗೆ ಹೋಗುವುದಿಲ್ಲವಾದ್ದರಿಂದ ಇದರ ಬಲೆಗೆ ಬೀಳುವುದಿಲ್ಲ. ಅದಕ್ಕೆ ಪೈಬೈಂಡ್11ರ ಈಚಿನ ಆವೃತ್ತಿಗಳಲ್ಲಿ ಪ್ರತಿ ಏರಿಳಿತಕ್ಕೂ ಗಿಲ್ ಇದೆಯೇ ಎಂದು ನೋಡುವ ತಪಾಸಣೆ ಇದೆ. ಅಸರ್ಟ್‌ಗಳನ್ನು (ಷರತ್ತು ತಪ್ಪಿದರೆ ಪ್ರೋಗ್ರಾಂ ನಿಲ್ಲಿಸುವ ಸಾಲುಗಳು) ಆಫ್ ಮಾಡದ ಬಿಲ್ಡ್‌ನಲ್ಲಿ ಅದು ತಾನಾಗಿ ಓಡುತ್ತದೆ. ಪೈಥಾನ್‌ನ ಸಿ ಎಪಿಐಯನ್ನು (ಸಿ ಕೋಡ್‌ಗೆಂದು ಪೈಥಾನ್ ಕೊಡುವ ಫಂಕ್ಷನ್‌ಗಳು) ನೇರ ಬಳಸುವವರು, ಗಿಲ್ ಇದೆಯೇ ಎಂದು ಹೇಳುವ ‘ಪೈಗಿಲ್‌ಸ್ಟೇಟ್_ಚೆಕ್’ ಅನ್ನು ಅಸರ್ಟ್ ಒಳಗೆ ಹಾಕಿ, ಪೈಥಾನ್ ವಸ್ತು ಮುಟ್ಟುವ ನಿಮ್ಮ ಪ್ರತಿ ಫಂಕ್ಷನ್ನಿನ ನೆತ್ತಿಯ ಮೇಲೆ ಇಡಿ.

ಕೋರ್ ಡಂಪ್ (ಬಿದ್ದ ಕ್ಷಣದ ಮೆಮೊರಿಯನ್ನು ಉಳಿಸಿದ ಫೈಲ್) ಸಿಕ್ಕಿದ್ದರೆ ಜಿಡಿಬಿ ಎಂಬ ಡಿಬಗರ್‌ನಲ್ಲಿ ತೆರೆದು ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ ತೆಗೆಯಿರಿ, ಬಿದ್ದದ್ದರದು ಒಂದೇ ಸಾಲದು. ಪ್ರತಿಯೊಂದನ್ನೂ ತಳದಿಂದ ಓದಿ. ತಳದಲ್ಲಿ ‘ಪೈಥ್ರೆಡ್_ರ್ಯಾಪರ್’ ಇದ್ದರೆ ಅದು ಪೈಥಾನ್ ಹುಟ್ಟಿಸಿದ ಥ್ರೆಡ್. ಅಲ್ಲಿ ನಿಮ್ಮ ಲೈಬ್ರರಿಯ ಹೆಸರಿದ್ದರೆ ಅದು ಹೊರಗಿನದು, ಅದರ ಮೇಲೆ ಕಣ್ಣಿಡಿ. ಇಲ್ಲಿ ಎಷ್ಟೋ ಜನ ಎಡವುತ್ತಾರೆ: ಗಿಲ್ ಹಿಡಿಯುವ ಫಂಕ್ಷನ್ ‘ಪೈಗಿಲ್‌ಸ್ಟೇಟ್_ಎನ್ಶೂರ್’, ಅದರ ಹೆಸರನ್ನು ಬ್ಯಾಕ್‌ಟ್ರೇಸ್‌ನಲ್ಲಿ ಹುಡುಕುತ್ತಾರೆ, ಕಾಣದಿದ್ದರೆ ಗಿಲ್ ಹಿಡಿದಿಲ್ಲ ಎಂದು ತೀರ್ಮಾನಿಸುತ್ತಾರೆ. ಆ ಫಂಕ್ಷನ್ ತನ್ನ ಕೆಲಸ ಮುಗಿಸಿ ವಾಪಸಾಗಿರುತ್ತದೆ, ಸ್ಟ್ಯಾಕ್ ಮೇಲೆ (ಇನ್ನೂ ಮುಗಿಯದ ಕರೆಗಳನ್ನು ಥ್ರೆಡ್ ಇಟ್ಟುಕೊಳ್ಳುವ ಮೆಮೊರಿ) ಉಳಿದಿರುವುದಿಲ್ಲ. ಅದು ಸ್ಟ್ಯಾಕ್‌ನಲ್ಲಿ ಕಂಡರೆ ಆ ಥ್ರೆಡ್ ಇನ್ನೂ ಗಿಲ್‌ಗಾಗಿ ಕಾಯುತ್ತಿದೆ ಎಂದರ್ಥ. ಹಿಡಿದಿತ್ತೇ ಇಲ್ಲವೇ ಎಂದು ತಿಳಿಯಲು ಹೊರಗಿನ ಕೋಡ್ ಪೈಥಾನ್‌ಗೆ ಕಾಲಿಟ್ಟ ಫಂಕ್ಷನ್ನಿನ ಸೋರ್ಸನ್ನೇ ತೆರೆದು ಓದಬೇಕು.

ಜೊತೆಗೆ ‘ಫಾಲ್ಟ್‌ಹ್ಯಾಂಡ್ಲರ್’ ಸದಾ ಆನ್ ಇರಲಿ. 3.3ರಿಂದ ಪೈಥಾನ್ ಜೊತೆಗೇ ಬರುತ್ತದೆ, ಗ್ರಾಹಕರ ಮಷೀನಿನಲ್ಲೂ ಇಟ್ಟುಕೊಳ್ಳಬಹುದು. ಸೆಗ್‌ಫಾಲ್ಟ್ ಆದಾಗ ಅದು ಪೈಥಾನ್‌ಗೆ ಗೊತ್ತಿರುವ ಥ್ರೆಡ್‌ಗಳನ್ನೆಲ್ಲ ಬರೆಯುತ್ತದೆ, ಬಿದ್ದ ಥ್ರೆಡ್ಡಿನ ಮೇಲೆ ‘ಕರೆಂಟ್ ಥ್ರೆಡ್’ ಎಂಬ ಗುರುತು ಹಾಕುತ್ತದೆ. ಪಟ್ಟಿಯಲ್ಲಿ ಯಾವುದಕ್ಕೂ ಆ ಗುರುತಿಲ್ಲವೇ? ಹಾಗಾದರೆ ಬಿದ್ದದ್ದು ಇಂಟರ್‌ಪ್ರಿಟರ್‌ಗೆ ಪರಿಚಯವೇ ಇಲ್ಲದ ಥ್ರೆಡ್. ಆ ಒಂದು ಸುಳಿವು ಅರ್ಧ ಕೆಲಸ ಮುಗಿಸುತ್ತದೆ.

ಕೊನೆಗೊಂದು ಕಳಕಳಿಯ ಬೇಡಿಕೆ. ನಿಮ್ಮ ಥ್ರೆಡ್‌ಗಳಿಗೆ ಹೆಸರಿಡಿ. ಲಿನಕ್ಸ್‌ನಲ್ಲಿ 15 ಅಕ್ಷರಕ್ಕೆ ಮಿತಿ, ‘ಕ್ಯಾಮ್-ರೀಡರ್’ ಎಂದರೆ ಸಾಕು, ಜಿಡಿಬಿಯ ಪಟ್ಟಿಯಲ್ಲಿ ಅದೇ ಕಾಣುತ್ತದೆ. ನಂಬರುಗಳ ರಾಶಿಯಲ್ಲಿ ಯಾವುದು ಯಾರದು ಎಂದು ತಡಕಾಡುವ ಕಷ್ಟ ನಿಮ್ಮ ನಂತರ ಬರುವವರಿಗೆ ಬೇಡ.

ಪ್ರಶ್ನೆ: ಕ್ರ್ಯಾಶ್ ನಿಲ್ಲಿಸಲು ಎಲ್ಲ ಕಡೆ ಗಿಲ್ ಹಿಡಿದೆವು ಮೇಡಂ. ಈಗ ಕ್ರ್ಯಾಶ್ ಇಲ್ಲ, ಆದರೆ ಸ್ಟಾಪ್ ಬಟನ್ ಒತ್ತಿದರೆ ಪ್ರೋಗ್ರಾಂ ಹಾಗೇ ನಿಂತುಬಿಡುತ್ತದೆ. ಪೈಥಾನ್ 5 ಮಿಲಿಸೆಕೆಂಡಿಗೊಮ್ಮೆ ಗಿಲ್ ಬಿಟ್ಟುಕೊಡುತ್ತದಲ್ಲ, ಹಾಗಿದ್ದೂ ಹೇಗೆ ಸಿಕ್ಕಿಹಾಕಿಕೊಳ್ಳುತ್ತದೆ?

ಉತ್ತರ: ಆ 5 ಮಿಲಿಸೆಕೆಂಡ್ ನಿಯಮ ಪೈಥಾನ್ ಬೈಟ್‌ಕೋಡ್ (ಪೈಥಾನ್ ಕೋಡನ್ನು ಒಡೆದು ಮಾಡಿದ ಸಣ್ಣ ಆಜ್ಞೆಗಳು) ಓಡುತ್ತಿರುವಾಗಿನದು. ಬೇರೆ ಥ್ರೆಡ್ ಗಿಲ್ ಕೇಳಿದರೆ ಇಂಟರ್‌ಪ್ರಿಟರ್ ಎರಡು ಬೈಟ್‌ಕೋಡ್‌ಗಳ ನಡುವೆ ಬಿಟ್ಟುಕೊಡುತ್ತದೆ. ಗಿಲ್ ಹಿಡಿದುಕೊಂಡೇ ಸಿ ಕೋಡ್ ಒಳಗೆ ಹೋದವರನ್ನು ಅದು ಎಬ್ಬಿಸಲಾರದು.

ನಿಮ್ಮಲ್ಲಿ ಆಗುತ್ತಿರುವುದು ಬಹುಶಃ ಹೀಗೆ. ಪೈಥಾನ್‌ನ ಮುಖ್ಯ ಥ್ರೆಡ್ ನಿಮ್ಮ ಲೈಬ್ರರಿಯ ‘ಸ್ಟಾಪ್’ ಕರೆಯುತ್ತದೆ, ಗಿಲ್ ಅದರ ಕೈಯಲ್ಲೇ ಇದೆ. ‘ಸ್ಟಾಪ್’ ಒಳಗೆ ಕ್ಯಾಮೆರಾ ಥ್ರೆಡ್ ಮುಗಿಯಲಿ ಎಂದು ‘ಜಾಯಿನ್’ ಮಾಡಿ ಕಾಯುತ್ತದೆ. ಕ್ಯಾಮೆರಾ ಥ್ರೆಡ್ ಕೊನೆಯ ಫ್ರೇಮನ್ನು ಒಪ್ಪಿಸಲು ಗಿಲ್‌ಗಾಗಿ ಕಾಯುತ್ತದೆ. ಜಿಡಿಬಿಯಲ್ಲಿ ನಿಂತ ಪ್ರೋಗ್ರಾಮಿಗೆ ಅಂಟಿಕೊಂಡು ನೋಡಿದರೆ ಒಂದು ಥ್ರೆಡ್ ‘ಜಾಯಿನ್’ನಲ್ಲಿ, ಇನ್ನೊಂದು ‘ಟೇಕ್_ಗಿಲ್’ನಲ್ಲಿ ಕಾಣುತ್ತದೆ. ಪರಿಹಾರ: ‘ಸ್ಟಾಪ್’ ಒಳಗೆ ಕಾಯುವ ಮುಂಚೆ ಗಿಲ್ ಬಿಡಿ. ಸಿ ಎಪಿಐಯಲ್ಲಿ ‘ಪೈ_ಬಿಗಿನ್_ಅಲೌ_ಥ್ರೆಡ್ಸ್’, ಪೈಬೈಂಡ್11ನಲ್ಲಿ ‘ಗಿಲ್_ಸ್ಕೋಪ್ಡ್_ರಿಲೀಸ್’.

ಇದರ ತಮ್ಮನೊಬ್ಬ ಇದ್ದಾನೆ. ಲೈಬ್ರರಿಯ ಸ್ವಂತ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಲ್ಲ ಬೀಗ) ಹಿಡಿದುಕೊಂಡೇ ಕಾಲ್‌ಬ್ಯಾಕ್ ಕರೆದರೆ, ಒಬ್ಬರ ಕೈಯಲ್ಲಿ ಮ್ಯೂಟೆಕ್ಸ್, ಬೇಕಾದ್ದು ಗಿಲ್. ಇನ್ನೊಬ್ಬರ ಕೈಯಲ್ಲಿ ಗಿಲ್, ಬೇಕಾದ್ದು ಮ್ಯೂಟೆಕ್ಸ್. ಕರೆಯಬೇಕಾದ ಕಾಲ್‌ಬ್ಯಾಕ್‌ಗಳ ಪಟ್ಟಿಯನ್ನು ಮ್ಯೂಟೆಕ್ಸ್ ಒಳಗೆ ಹೊರತೆಗೆದುಕೊಳ್ಳಿ, ಮ್ಯೂಟೆಕ್ಸ್ ಬಿಡಿ, ಆಮೇಲೆ ಗಿಲ್ ಹಿಡಿದು ಕರೆಯಿರಿ. ಪಟ್ಟಿಯಲ್ಲಿ ಪೈಥಾನ್ ವಸ್ತುಗಳೇ ಇದ್ದರೆ ಮೇಲಿನ ಉತ್ತರದ ನಕಲಿನ ಮಾತು ಇಲ್ಲೂ ಅನ್ವಯಿಸುತ್ತದೆ. ಅವನ್ನು ಒಂದು ಶೇರ್ಡ್ ಪಾಯಿಂಟರ್ ಹಿಂದೆ ಇಟ್ಟರೆ ನಕಲು ಮಾಡುವಾಗ ಪೈಥಾನ್‌ನ ಕೌಂಟ್ ಮುಟ್ಟುವುದಿಲ್ಲ. ಕೊನೆಯ ಪಾಯಿಂಟರ್ ಹೋಗುವಾಗ ಮಾತ್ರ ಗಿಲ್ ಹಿಡಿಯುವ ಡಿಲೀಟರ್ ಕೊಡಿ.

ಪ್ರಶ್ನೆ: ದಿನವಿಡೀ ಏನೂ ತೊಂದರೆಯಿಲ್ಲ. ಪ್ರೋಗ್ರಾಂ ಮುಚ್ಚುವಾಗ ಮಾತ್ರ ‘ಟರ್ಮಿನೇಟ್ ಕಾಲ್ಡ್ ವಿದೌಟ್ ಆ್ಯನ್ ಆ್ಯಕ್ಟಿವ್ ಎಕ್ಸೆಪ್ಶನ್’ ಎಂದು ಬರುತ್ತದೆ, ಅದೂ ಕೆಲವು ಸಲ. ಕೆಲಸ ಹೇಗೂ ಮುಗಿದಿರುತ್ತದಲ್ಲ, ಬಿಟ್ಟುಬಿಡಬಹುದೇ?

ಉತ್ತರ: ದಯವಿಟ್ಟು ಬಿಡಬೇಡಿ. ಮುಚ್ಚುವಾಗ ಬಿದ್ದ ಪ್ರೋಗ್ರಾಂ ಕೊನೆಯ ಡೇಟಾವನ್ನು ಡಿಸ್ಕಿಗೆ ಬರೆದಿರುತ್ತದೆ ಎಂಬ ಭರವಸೆ ಇಲ್ಲ. ಎಕ್ಸಿಟ್ ಕೋಡ್ ನೋಡುವ ಸ್ಕ್ರಿಪ್ಟ್‌ಗಳು ಒಳ್ಳೆಯ ಕೆಲಸವನ್ನೂ ವಿಫಲ ಎಂದು ಬರೆದಿಡುತ್ತವೆ.

ಪೈಥಾನ್ ತನ್ನ ಅಂಗಡಿ ಮುಚ್ಚುತ್ತಿರುವಾಗ ನಿಮ್ಮ ಥ್ರೆಡ್ ಬಂದು ಗಿಲ್ ಕೇಳುತ್ತಿದೆ. 3.13ರವರೆಗೆ ಸಿಪೈಥಾನ್ ಅಂಥ ಥ್ರೆಡ್ಡನ್ನು ಅಲ್ಲೇ ‘ಪಿಥ್ರೆಡ್_ಎಕ್ಸಿಟ್’ನಿಂದ ಕೊನೆಗೊಳಿಸುತ್ತಿತ್ತು. ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿ ಅದು ಸ್ಟ್ಯಾಕನ್ನು ಬಲವಂತವಾಗಿ ಬಿಚ್ಚುತ್ತಾ ಹೋಗುತ್ತದೆ, ದಾರಿಯಲ್ಲಿ ‘ನೋಎಕ್ಸೆಪ್ಟ್’ (ಎಕ್ಸೆಪ್ಶನ್ ಹೊರಬಿಡುವುದಿಲ್ಲ) ಎಂದು ಗುರುತಿಸಿದ ಫಂಕ್ಷನ್ ಅಥವಾ ಡಿಸ್ಟ್ರಕ್ಟರ್ ಸಿಕ್ಕರೆ ಸಿ ಪ್ಲಸ್ ಪ್ಲಸ್ ಇಡೀ ಪ್ರೋಗ್ರಾಮನ್ನೇ ಮುಗಿಸುತ್ತದೆ. ನಿಮ್ಮ ಸಂದೇಶ ಅದು. 3.14ರಿಂದ ಆ ಥ್ರೆಡ್ಡನ್ನು ಕೊಲ್ಲದೆ ಅಲ್ಲೇ ನಿಲ್ಲಿಸಿಬಿಡುತ್ತಾರೆ. ಕ್ರ್ಯಾಶ್ ಹೋಗುತ್ತದೆ, ಆದರೆ ಆ ಥ್ರೆಡ್ಡಿಗಾಗಿ ಯಾರಾದರೂ ಕಾಯುತ್ತಿದ್ದರೆ ಅವರೂ ನಿಲ್ಲುತ್ತಾರೆ.

ಸರಿಯಾದ ದಾರಿ ಒಂದೇ: ಇಂಟರ್‌ಪ್ರಿಟರ್ ಮುಚ್ಚುವ ಮುಂಚೆ ನಿಮ್ಮ ಥ್ರೆಡ್ ಮುಗಿದಿರಬೇಕು. ‘ಎಟ್‌ಎಕ್ಸಿಟ್’ ಮಾಡ್ಯೂಲಿನಲ್ಲಿ ನಿಮ್ಮ ‘ಸ್ಟಾಪ್’ ನೋಂದಾಯಿಸಿ, ಗಿಲ್ ಬಿಟ್ಟು ಜಾಯಿನ್ ಮಾಡುವ ಆ ‘ಸ್ಟಾಪ್’. ಹಾಗೆಯೇ ಪೈಥಾನ್ ವಸ್ತುಗಳನ್ನು ಸಿ ಪ್ಲಸ್ ಪ್ಲಸ್‌ನ ಗ್ಲೋಬಲ್ ಅಥವಾ ಸ್ಟ್ಯಾಟಿಕ್ ವೇರಿಯಬಲ್‌ಗಳಲ್ಲಿ ಇಟ್ಟಿದ್ದೀರಾ ನೋಡಿ. ಅವುಗಳ ಡಿಸ್ಟ್ರಕ್ಟರ್ ಓಡುವ ಹೊತ್ತಿಗೆ ಇಂಟರ್‌ಪ್ರಿಟರ್ ಇರುವುದೇ ಇಲ್ಲ.

ಪ್ರಶ್ನೆ: ನಾನು ಪೈಥಾನ್‌ನಿಂದಲೇ ಸಿ ಲೈಬ್ರರಿ ಕರೆಯುವ ಸಿಟೈಪ್ಸ್ ಮಾಡ್ಯೂಲ್ ಬಳಸುತ್ತೇನೆ, ಸಿ ಕೋಡ್ ಬರೆದೇ ಇಲ್ಲ. ಪೈಥಾನ್ ಫಂಕ್ಷನ್ನನ್ನು ಸಿ ಲೈಬ್ರರಿಗೆ ಕಾಲ್‌ಬ್ಯಾಕ್ ಆಗಿ ಕೊಟ್ಟೆ. ಮೊದಲು ಕೆಲಸ ಮಾಡುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಸೆಗ್‌ಫಾಲ್ಟ್.

ಉತ್ತರ: ಗಿಲ್ ಇಲ್ಲಿ ಕಾರಣವಲ್ಲ, ಸಿಟೈಪ್ಸ್ ಅದನ್ನು ತಾನೇ ಹಿಡಿಯುತ್ತದೆ. ‘ಸಿಫಂಕ್‌ಟೈಪ್’ನಿಂದ ಮಾಡಿದ ವಸ್ತುವನ್ನು ಕರೆಯ ಆವರಣದಲ್ಲೇ ಸೃಷ್ಟಿಸಿ ಕೊಟ್ಟಿರುತ್ತೀರಿ, ಎಲ್ಲೂ ಇಟ್ಟುಕೊಂಡಿರುವುದಿಲ್ಲ. ಕರೆ ಮುಗಿದೊಡನೆ ಅದು ಬಿಡುಗಡೆಯಾಗುತ್ತದೆ, ಸಿ ಲೈಬ್ರರಿಯ ಕೈಯಲ್ಲಿ ಉಳಿಯುವುದು ಸತ್ತ ವಿಳಾಸ. ಲೈಬ್ರರಿ ಕಾಲ್‌ಬ್ಯಾಕ್ ಬಳಸುವಷ್ಟು ಕಾಲ ಆ ವಸ್ತುವನ್ನು ‘ಸೆಲ್ಫ್’ ಮೇಲೋ ಮಾಡ್ಯೂಲಿನಲ್ಲೋ ಹಿಡಿದಿಡಿ. ಇನ್ನೊಂದು ವಿಷಯ: ಹೊರಗಿನ ಥ್ರೆಡ್ಡಿನಿಂದ ಬರುವ ಪ್ರತಿ ಕರೆಗೂ ಸಿಟೈಪ್ಸ್ ಹೊಸ ಪೈಥಾನ್ ಥ್ರೆಡ್ ಸ್ಥಿತಿಯನ್ನು ಸೃಷ್ಟಿಸುತ್ತದೆ. ‘ಥ್ರೆಡ್ಡಿಂಗ್ ಲೋಕಲ್’ನಲ್ಲಿ ಇಟ್ಟದ್ದು ಮುಂದಿನ ಕಾಲ್‌ಬ್ಯಾಕಿಗೆ ಸಿಗುವುದಿಲ್ಲ.

ಪ್ರಶ್ನೆ: ಅದೇ ಪೈಥಾನ್ ಫಂಕ್ಷನ್ ಮುಖ್ಯ ಥ್ರೆಡ್ಡಿನಲ್ಲಿ ಓಡುತ್ತದೆ, ಲೈಬ್ರರಿಯ ಥ್ರೆಡ್ಡಿನಲ್ಲಿ ಬೀಳುತ್ತದೆ. ಗಿಲ್ ಸರಿಯಿದೆ, ಖಚಿತ. ಫಂಕ್ಷನ್ ತನ್ನನ್ನು ತಾನೇ ಆಳವಾಗಿ ಕರೆದುಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಹೆಚ್ಚು.

ಉತ್ತರ: ಸ್ಟ್ಯಾಕ್ ಸಾಲುತ್ತಿಲ್ಲ. ಮ್ಯಾಕ್‌ನಲ್ಲಿ ಮುಖ್ಯ ಥ್ರೆಡ್ಡಿಗೆ 8 ಎಂಬಿ, ಉಳಿದವಕ್ಕೆ ತಾನಾಗಿ ಸಿಗುವುದು 512 ಕೆಬಿ ಮಾತ್ರ. ಗ್ಲಿಬ್‌ಸಿ ಬದಲು ಮಸಲ್ ಎಂಬ ಸಿ ಲೈಬ್ರರಿ ಬಳಸುವ ಲಿನಕ್ಸ್‌ಗಳಲ್ಲಿ ಇನ್ನೂ ಕಡಿಮೆ, 128 ಕೆಬಿ. ಥ್ರೆಡ್ ಹುಟ್ಟಿಸುವಾಗ ಸ್ಟ್ಯಾಕ್ ಗಾತ್ರವನ್ನು ನೀವೇ ಹೇಳಿ ಕೊಡಿ. ಲೈಬ್ರರಿ ಅದಕ್ಕೆ ಅವಕಾಶ ಕೊಡದಿದ್ದರೆ ಆ ಕೆಲಸವನ್ನು ಪೈಥಾನ್ ಥ್ರೆಡ್ಡಿಗೆ ದಾಟಿಸಿ.

ಪ್ರಶ್ನೆ: 3.13ರಿಂದ ಗಿಲ್ ಇಲ್ಲದ ಪೈಥಾನ್ ಬಂದಿದೆಯಲ್ಲ. ಅದಕ್ಕೆ ಹೋದರೆ ಈ ಗೋಳೆಲ್ಲ ತಪ್ಪುವುದಿಲ್ಲವೇ?

ಉತ್ತರ: ತಪ್ಪುವುದಿಲ್ಲ. 3.13ರಲ್ಲಿ ಅದು ಪ್ರಯೋಗವಾಗಿ, ಪ್ರತ್ಯೇಕ ಬಿಲ್ಡ್ ಆಗಿ ಬಂತು, 3.14ರಲ್ಲಿ ಅಧಿಕೃತ ಬೆಂಬಲ ಸಿಕ್ಕಿತು, ಈಗಲೂ ಆಯ್ಕೆಯ ಬಿಲ್ಡ್ ಅದು. ಅಲ್ಲಿಯೂ ಹೊರಗಿನ ಥ್ರೆಡ್ ಪೈಥಾನ್ ಮುಟ್ಟುವ ಮುಂಚೆ ‘ಪೈಗಿಲ್‌ಸ್ಟೇಟ್_ಎನ್ಶೂರ್’ ಕರೆಯಲೇಬೇಕು. ಹೆಸರಲ್ಲಿ ಗಿಲ್ ಇದ್ದರೂ ಅದು ಎರಡು ಕೆಲಸ ಮಾಡುತ್ತದೆ: ಥ್ರೆಡ್ಡನ್ನು ಇಂಟರ್‌ಪ್ರಿಟರ್‌ಗೆ ಪರಿಚಯಿಸುವುದು ಒಂದು, ಲಾಕ್ ಹಿಡಿಯುವುದು ಇನ್ನೊಂದು. ಎರಡನೆಯದು ಹೋಯಿತು, ಮೊದಲನೆಯದು ಉಳಿಯಿತು. ಅಷ್ಟೇ ಅಲ್ಲ, ನಿಮ್ಮ ಸ್ವಂತ ಡೇಟಾವನ್ನು ಇಷ್ಟು ದಿನ ಗಿಲ್ ತಾನಾಗಿ ಕಾಯುತ್ತಿತ್ತು. ಇನ್ನು ಅದಕ್ಕೆ ನೀವೇ ಲಾಕ್ ಹಾಕಬೇಕು.

ಪ್ರಶ್ನೆ: ನಮ್ಮದು ಪೈಥಾನ್ ಅಲ್ಲ, ಲುವಾ ಭಾಷೆ. ಅಲ್ಲಿ ಗಿಲ್ ಎಂಬುದೇ ಇಲ್ಲವಲ್ಲ, ಹಾಗಾದರೆ ಯಾವ ಥ್ರೆಡ್ಡಿನಿಂದ ಬೇಕಾದರೂ ಕರೆಯಬಹುದೇ?

ಉತ್ತರ: ಲಾಕ್ ಇಲ್ಲ ಎಂದರೆ ಕಾವಲಿಲ್ಲ ಎಂದು. ಒಂದು ‘ಲುವಾ_ಸ್ಟೇಟ್’ (ಲುವಾ ಇಂಟರ್‌ಪ್ರಿಟರ್‌ನ ಸ್ಥಿತಿ ಇರುವ ವಸ್ತು) ಮೇಲೆ ಎರಡು ಥ್ರೆಡ್ ಒಟ್ಟಿಗೆ ಕೈಯಿಟ್ಟರೆ ಅದು ಕೆಡುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ‘ಲುವಾ_ನ್ಯೂಥ್ರೆಡ್’ ಎಂಬ ಹೆಸರು ನೋಡಿ ಮೋಸ ಹೋಗಬೇಡಿ, ಅದು ಕೊಡುವುದು ಕೊರೂಟೀನ್, ನಡುವೆ ನಿಂತು ಮತ್ತೆ ಮುಂದುವರಿಯಬಲ್ಲ ಫಂಕ್ಷನ್ ಅಷ್ಟೇ. ಅದರ ಮೆಮೊರಿ, ಗಾರ್ಬೇಜ್ ಕಲೆಕ್ಟರ್ ಎಲ್ಲ ಮೂಲ ಸ್ಟೇಟಿನದೇ. ರೂಬಿ ಇನ್ನೂ ಕಟ್ಟುನಿಟ್ಟು: ತಾನು ಹುಟ್ಟಿಸದ ಥ್ರೆಡ್ಡಿನಿಂದ ರೂಬಿ ಕೋಡ್ ಕರೆಯಲು ಬಿಡುವುದೇ ಇಲ್ಲ.

ಯಾವ ಭಾಷೆಯೇ ಇರಲಿ, ನನ್ನ ಆಯ್ಕೆ ಕ್ಯೂ. ಹೊರಗಿನ ಥ್ರೆಡ್ ಇಂಟರ್‌ಪ್ರಿಟರನ್ನು ಮುಟ್ಟುವುದೇ ಬೇಡ. ಬರೀ ಸಿ ಡೇಟಾವನ್ನು ಕ್ಯೂಗೆ ಹಾಕಿ ಇಂಟರ್‌ಪ್ರಿಟರ್‌ನ ಥ್ರೆಡ್ಡನ್ನು ಎಬ್ಬಿಸಲಿ, ಓದಿ ಫಂಕ್ಷನ್ ಕರೆಯುವುದು ಆ ಥ್ರೆಡ್ಡಿನ ಕೆಲಸ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನವರು (Node) ಇದನ್ನೇ ‘ಥ್ರೆಡ್‌ಸೇಫ್ ಫಂಕ್ಷನ್’ ಎಂದು ಎಪಿಐಯಲ್ಲೇ ಕೊಟ್ಟಿದ್ದಾರೆ. ಲುವಾದಲ್ಲಿ ನೀವೇ ಬರೆದುಕೊಳ್ಳಬೇಕು: ಒಂದು ಮ್ಯೂಟೆಕ್ಸ್, ಒಂದು ಕಂಡಿಷನ್ ವೇರಿಯಬಲ್, ಮಿತಿಯಿರುವ ಒಂದು ಬಫರ್. ಮಿತಿ ಖಂಡಿತ ಇರಲಿ. ಫ್ರೇಮ್‌ಗಳು ಬರುವ ವೇಗಕ್ಕೆ ಸ್ಕ್ರಿಪ್ಟ್ ಸಾಟಿಯಾಗದಿದ್ದಾಗ ಹಳೆಯದನ್ನು ಬಿಡಬೇಕೋ, ಕಳಿಸುವವರನ್ನು ಕಾಯಿಸಬೇಕೋ ಎಂದು ಬರೆಯುವಾಗಲೇ ತೀರ್ಮಾನಿಸಿ. ಕ್ಯಾಮೆರಾದಂಥವಕ್ಕೆ ನಾನು ಹಳೆಯದನ್ನು ಬಿಟ್ಟು, ಎಷ್ಟು ಬಿಟ್ಟೆ ಎಂಬ ಲೆಕ್ಕವನ್ನು ಲಾಗ್‌ನಲ್ಲಿ ಇಡುತ್ತೇನೆ.